ಹುಣಸೆಹಣ್ಣಿನಲ್ಲಿ ತೊಳೆದ ಬೌಲರ್

ಪುಟ್ಟೀ, ಚಿನ್ನೂ,

ಮೊನ್ನೆ ನೀವಿಬ್ಬರೂ ಮೊಬೈಲಿನಲ್ಲಿ ಕ್ರಿಕೆಟ್ ಆಡುತ್ತಾ ನಿಮ್ಮ ಬೌಲರ್‌ಗೆ ಬೈದದ್ದು ಅಡುಗೆಮನೆಯವರೆಗೂ ಕೇಳಿಸಿತು. “ಹೋದ್ ಮ್ಯಾಚಲ್ಲಿ ಐದು ವಿಕೆಟ್ ತೆಗ್ದ, ಇವತ್ತು ಬರೀ ಸಿಕ್ಸ್ ಹೊಡಿಸ್ಕೊಳ್ತಿದಾನೆ, ತೆಗ್ದಾಕು ಇವನ್ನ” ಎಂದಳು ಪುಟ್ಟಿ. ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಇಲ್ಲದ ಬೌಲರ್‌ನನ್ನು ಬೈಯುವುದರಲ್ಲಿ ನಿಮ್ಮಜ್ಜಿಯನ್ನು ಮೀರಿಸಲು ನಿಮಗೆ ಇನ್ನೂ ವಯಸ್ಸಾಗಬೇಕು. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲವೆಂದು ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಿಮ್ಮ ತಾತ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಕೆಲಸದಲ್ಲಿದ್ದರು. ನಾಗಸಂದ್ರದಲ್ಲಿ ನಮ್ಮ ಬಾಡಿಗೆ ಮನೆ. ಒಂದು ನಡುಮನೆ, ಒಂದು ಅಡುಗೆಮನೆ, ಮಧ್ಯದಲ್ಲಿ ನನ್ನ ಹಳೆಯ ಸೀರೆಯ ಪರದೆ. ಭಾನುವಾರ ಮಧ್ಯಾಹ್ನ ತಾತನ ಮೂವರು ಸ್ನೇಹಿತರು ಬಂದು ಕ್ರಿಕೆಟ್ ಆಡುತ್ತಿದ್ದರು. ಬಯಲಿನಲ್ಲಲ್ಲ, ನಡುಮನೆಯ ಚಾಪೆಯ ಮೇಲೆ.

ಆರು ಮೂಲೆಯ ಹಿತ್ತಾಳೆ ಸರಳಿನ ಬೆರಳುದ್ದದ ತುಂಡು, ಅದೇ ಬೌಲರ್. ಅದರ ಆರು ಮುಖಗಳಲ್ಲೂ ಏನಾದರೊಂದು ಕೊರೆದಿರುತ್ತಿತ್ತು. ಮಣೆಯ ಮೇಲೆ ಉರುಳಿಸಿದರೆ ಒಂದು ಚೆಂಡು ಹಾಕಿದ ಲೆಕ್ಕ. ಮೇಲೆ ಬಂದ ಮುಖದಲ್ಲಿ ಇದ್ದದ್ದು ಎದುರಾಳಿಗೆ ರನ್ನು, ಇಲ್ಲವೇ ಔಟು. ಒಬ್ಬೊಬ್ಬರಿಗೆ ಒಂದು ತಂಡ, ತಂಡಕ್ಕೆ ಒಬ್ಬನೇ ಬೌಲರ್. ಐದು ವಿಕೆಟ್ ಬಿದ್ದರೆ ಅಥವಾ ಆರು ಓವರ್ ಆದರೆ ಸರದಿ ಮುಗಿಯಿತು.

ಅವರು ಕೂಡಿ ಕಳೆಯುವುದರಲ್ಲಿ ಜಗಳವಾಡುತ್ತಿದ್ದರು. ಹಾಗಾಗಿ ಸ್ಕೋರು ಬರೆಯುವ ನೋಟ್‌ಬುಕ್ ಪರದೆಯ ಹಿಂದೆ ಕೂತ ನನ್ನ ಕೈಗೆ ಬಂತು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ಮಗ್ಗಿ ಗಟ್ಟಿ, ಬಾಯಿ ಇಲ್ಲ. ಅವರು ಅಲ್ಲಿಂದ “ನಾಲ್ಕು” ಎಂದು ಕೂಗುವುದು, ನಾನು ಇಲ್ಲಿ ಬರೆಯುವುದು. ಅವರ ಮೊತ್ತ ತಪ್ಪಿದರೆ ಲೋಟವನ್ನು ಎರಡು ಸಲ ಕುಟ್ಟುತ್ತಿದ್ದೆ.

ಒಬ್ಬ ಸ್ನೇಹಿತರಿಗೆ ಬೇರೆ ಊರಿಗೆ ವರ್ಗವಾಯಿತು. ಅವರ ತಂಡ ಅನಾಥವಾಯಿತು. ಇನ್ನೊಬ್ಬರು ಕಾರ್ಖಾನೆಯ ತಪಾಸಣೆ ವಿಭಾಗದವರು. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಹಾಗೆ ಅಂಗಿಯ ಜೇಬಿನಲ್ಲಿ ಅಳತೆಯ ವರ್ನಿಯರ್ ಇಟ್ಟುಕೊಂಡು ತಿರುಗುವವರು. ಅವರೇ ಕೂಗಿದರು: “ಅತ್ತಿಗೆ, ಲೆಕ್ಕ ಬರೆಯೋ ಕೈಗೆ ಉರುಳ್ಸೋದು ಬರಲ್ವಾ? ಬನ್ನಿ ಈಚೆಗೆ!”

ನಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದಾಗಲೂ ಅಷ್ಟು ದೂರ ಅನ್ನಿಸಿರಲಿಲ್ಲ. ಪರದೆಯಿಂದ ಚಾಪೆಗೆ ನಾಲ್ಕು ಹೆಜ್ಜೆ. ಬಂದು ಕೂತೆ. ಕೂತ ಮೇಲೆ ಏಳಲು ಮನಸ್ಸೇ ಬರಲಿಲ್ಲ.

ನನ್ನ ಪಾಲಿಗೆ ಬಂದ ಬೌಲರ್ ಮಾತ್ರ ದೇವರಿಗೇ ಪ್ರೀತಿ. ಒಂದು ಭಾನುವಾರ ಮೂರು ಚೆಂಡಿಗೆ ಮೂರು ವಿಕೆಟ್ ತೆಗೆದು ನನ್ನನ್ನು ಅಟ್ಟಕ್ಕೇರಿಸುತ್ತಿದ್ದ. ಮುಂದಿನ ವಾರ ಅದೇ ಕೈ, ಅದೇ ಮಣೆ, ಸಾಲಾಗಿ ಆರು, ಆರು, ಆರು. ಬೇರೆಯವರ ಬೌಲರ್‌ಗಳು ಒಂದು ಎರಡು ಕೊಟ್ಟು ಸಭ್ಯವಾಗಿ ಸಂಸಾರ ಮಾಡುತ್ತಿದ್ದರು. ನಾನು ಅಕ್ಕಿ ಆರಿಸುತ್ತಾ ಅವನನ್ನು ಗದರುತ್ತಿದ್ದೆ: “ನಿನ್ನೆ ಮೊನ್ನೆ ಚೆನ್ನಾಗೇ ಇದ್ಯಲ್ಲೋ, ಏನ್ ರೋಗ ಬಂತು?” ಮನೆಯ ಒಡತಿ, ಆ ಊರಿನವರೇ ಆದ ಅಜ್ಜಿ, ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಇದನ್ನು ಕೇಳಿ, “ಯಾರ್ ಬಂದವ್ರೆ ಒಳಗೆ?” ಎಂದು ಬಗ್ಗಿ ನೋಡಿದ್ದರು.

ಒಂದು ಶುಕ್ರವಾರ ದೇವರ ದೀಪದ ಕಂಬ ತೊಳೆಯುವಾಗ ಇವನೂ ಕಪ್ಪಾಗಿದ್ದಾನಲ್ಲ ಎಂದು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿದೆ. ಭಾನುವಾರ ನಾಲ್ಕು ವಿಕೆಟ್! ಅಲ್ಲಿಂದ ಪ್ರತಿ ಶುಕ್ರವಾರ ಅವನಿಗೆ ಸ್ನಾನ. ಸೋತ ವಾರ ಸಿಟ್ಟಿಗೆ ಇನ್ನಷ್ಟು ತಿಕ್ಕುತ್ತಿದ್ದೆ. ಸೋಲು ಗೆಲುವು ಮೊದಲಿನ ಹಾಗೇ ಇತ್ತು. ಗೆದ್ದದ್ದು ಹುಣಸೆಹಣ್ಣಿನಿಂದ, ಸೋತದ್ದು ಅವನ ಬುದ್ಧಿಯಿಂದ ಎಂದು ನಾನು ತೀರ್ಮಾನಿಸಿಕೊಂಡಿದ್ದೆ.

ಎಂಟು ಭಾನುವಾರ ಕಳೆದ ಮೇಲೆ ಕೊನೆಯ ಸ್ಥಾನದಲ್ಲಿರುವವರು ತಂಡ ಬಿಟ್ಟುಕೊಡಬೇಕು ಎನ್ನುವುದು ಅವರ ನಿಯಮ. ಕಾರ್ಖಾನೆಯಲ್ಲಿ ಇನ್ನಿಬ್ಬರು ಕಾಯುತ್ತಿದ್ದರು. ಎಂಟನೆಯ ಭಾನುವಾರ ನಾನು ತಪಾಸಣೆಯವರನ್ನು ಸೋಲಿಸಬೇಕಿತ್ತು, ಇಲ್ಲದಿದ್ದರೆ ಮತ್ತೆ ಪರದೆಯ ಹಿಂದಕ್ಕೆ. ಹಿಂದಿನ ದಿನ ಶನಿವಾರವಾದರೂ ಬೌಲರ್‌ಗೆ ಇನ್ನೊಂದು ಸ್ನಾನ ಮಾಡಿಸಿದೆ.

ನನ್ನದು ಇಪ್ಪತ್ತೊಂಬತ್ತು ರನ್ನು. ಅವರ ಸರದಿಯಲ್ಲಿ ನನ್ನವನು ಮೊದಲ ಓವರಿನಲ್ಲೇ ಆರು, ಆರು, ನಾಲ್ಕು, ಒಂದು ಔಟು, ಮತ್ತೆ ಆರು, ನಾಲ್ಕು ಕೊಟ್ಟ. ಇಪ್ಪತ್ತಾರು ಆಗಿಹೋಯಿತು. ನನ್ನ ಕಣ್ಣಲ್ಲಿ ನೀರು. ಆಮೇಲೆ ಔಟ್, ಔಟ್, ಔಟ್, ಔಟ್. ಒಂದರ ಹಿಂದೆ ಒಂದು. ಗೆದ್ದೆ.

ತಪಾಸಣೆಯವರು ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಜೇಬಿನಿಂದ ವರ್ನಿಯರ್ ಹೊರಬಂತು. ಒಂದು ಕಡೆ ಅಳೆದರು, ತಿರುಗಿಸಿ ಅಳೆದರು.

“ಇದು ಆರು ಮೂಲೆ ಅಲ್ಲ ಗುರು, ಕಡ್ಲೆಕಾಯಿ! ಅಂಚೆಲ್ಲ ಹೋಗಿದೆ.” ನಿಮ್ಮ ತಾತನ ಕಡೆ ತಿರುಗಿದರು. “ಹೆಂಡ್ತಿ ತಂಡ ಉಳಿಸಕ್ಕೆ ಅರ ಹಾಕಿ ಉಜ್ಬಿಟ್ಯಾ?”

ತಾತನ ಮುಖ ಕೆಂಪಾಯಿತು. “ನಾನ್ ಅರ ಹಾಕಿದ್ರೆ ನಿನ್ ಕಣ್ಣಿಗೆ ಕಾಣೋ ಹಾಗೆ ಹಾಕ್ತೀನಾ? ಮೂರು ವರ್ಷದಲ್ಲಿ ನನ್ ಪೀಸ್ ಒಂದಾದ್ರೂ ರಿಜೆಕ್ಟ್ ಮಾಡಿದ್ಯಾ?”

“ಇವತ್ತು ಮಾಡ್ತಿದೀನಿ.”

ತಾತ ಎದ್ದು ನಿಂತರು. ಅವರೂ ಎದ್ದರು. ಬಾಯಿ ಬಿಟ್ಟರೆ ನನ್ನ ಗೆಲುವು ಹೋಗುತ್ತದೆ, ಬಿಡದಿದ್ದರೆ ನಿಮ್ಮ ತಾತನ ಮಾನ.

“ನಾನೇ ತೊಳೆದದ್ದು” ಎಂದೆ. ಯಾರಿಗೂ ಕೇಳಿಸಲಿಲ್ಲ. ಲೋಟ ತೆಗೆದುಕೊಂಡು ಎರಡು ಸಲ ಕುಟ್ಟಿದೆ. ಎಲ್ಲರೂ ತಿರುಗಿದರು. “ನಾನೇ ತೊಳೆದದ್ದು. ವಾರವಾರ. ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ.”

“ಯಾಕ್ ಅತ್ತಿಗೆ?”

“ತೊಳೆದ್ರೆ ವಿಕೆಟ್ ಬೀಳುತ್ತೆ ಅಂತ.”

ನಕ್ಕವರು ನಿಲ್ಲಿಸಲೇ ಇಲ್ಲ. ತಾತ ಗೋಡೆಗೆ ಒರಗಿ ನಕ್ಕರು. ಹೊಸ್ತಿಲಿನಿಂದ ಮನೆಯೊಡತಿ ಅಜ್ಜಿ ರೇಗಿದರು: “ಅದ್ಯಾಕಿಂಗೆ ಕಿಸೀತೀರಿ? ಇತ್ತಾಳೆ ಅಂದ್ಮ್ಯಾಕೆ ತೊಳೀದೆ ಮಡಿಕ್ಕಂತಾರಾ?”

ಆದರೂ ನಿಯಮ ನಿಯಮವೇ. ಪೀಸ್ ರಿಜೆಕ್ಟ್, ಪಂದ್ಯ ರದ್ದು, ಮುಂದಿನ ಭಾನುವಾರ ಹೊಸ ತುಂಡಿನಲ್ಲಿ ಮತ್ತೆ ಆಟ. ತಾತ ಹಳೆಯದರಲ್ಲಿದ್ದದ್ದನ್ನೇ ಕೊರೆದು ಹೊಸದನ್ನು ಮಾಡಿದರು. ಶುಕ್ರವಾರ ನನ್ನ ಕೈಗೆ ಸಿಗದಿರಲೆಂದು ಅದು ವಾರವಿಡೀ ತಪಾಸಣೆಯವರ ಮನೆಯಲ್ಲಿತ್ತು. ಕೂದಲೆಳೆಯಷ್ಟೂ ತಪ್ಪಿಲ್ಲದ ಆ ಹೊಸ ಬೌಲರ್ ಮೊದಲ ಓವರಿನಲ್ಲೇ ಐದು ಸಿಕ್ಸರ್ ಕೊಟ್ಟು ನನ್ನನ್ನು ಸೋಲಿಸಿದ.

ತಂಡ ಬಿಟ್ಟುಕೊಟ್ಟೆ. ನೋಟ್‌ಬುಕ್ ತೆಗೆದುಕೊಂಡು ಎದ್ದೆ. ಪರದೆಯ ಹತ್ತಿರ ಹೋದವಳು ಅದನ್ನು ಎತ್ತಿ ಮೊಳೆಗೆ ಸಿಕ್ಕಿಸಿ, ವಾಪಸು ಬಂದು ಚಾಪೆಯ ಮೇಲೆಯೇ ಬರೆಯಲು ಕೂತೆ. ಸ್ವಲ್ಪ ಹೊತ್ತಿಗೆ ತಪಾಸಣೆಯವರು ಮೊತ್ತ ತಪ್ಪಾಗಿ ಕೂಗಿದರು. ಲೋಟ ಅಡುಗೆಮನೆಯಲ್ಲಿತ್ತು. “ಹದಿನೇಳಲ್ಲ, ಹದಿನಾರು” ಎಂದು ಬಾಯಲ್ಲೇ ಹೇಳಿದೆ.

ತಾತ ಹೋದ ಮೇಲೆ ಪೆಟ್ಟಿಗೆಯಲ್ಲಿ ಆ ಹಳೆಯ ತುಂಡು ಸಿಕ್ಕಿತು. ಅಂದೇ ಮೊದಲ ಸಲ ಅದರ ಮುಖಗಳನ್ನು ಎಣಿಸಿದೆ. ಮೂರು ಮುಖದಲ್ಲಿ ಆರು, ಎರಡರಲ್ಲಿ ಔಟ್, ಒಂದರಲ್ಲಿ ನಾಲ್ಕು. ಅಷ್ಟೇ ಕೊರೆದಿದ್ದರೆ ಆ ಬಡಪಾಯಿ ಇನ್ನೇನು ಕೊಡಬೇಕಿತ್ತು? ಮಗ್ಗಿ ಗಟ್ಟಿಯಿದ್ದವಳಿಗೆ ಆರು ಮುಖ ಎಣಿಸಲು ಮೂವತ್ತು ವರ್ಷ ಹಿಡಿಯಿತು. ನೀವು ನಿಮ್ಮವನನ್ನು ಬೈಯುವ ಮೊದಲು ಅವನಲ್ಲಿ ಏನೇನು ಕೊರೆದಿದ್ದಾರೋ ನೋಡಿಕೊಳ್ಳಿ.

ಈ ಹಾಳೆಗಳನ್ನು ಆ ತುಂಡಿಗೇ ಸುತ್ತಿ ದಾರ ಕಟ್ಟಿದ್ದೇನೆ. ಒದ್ದೆಯಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ತುಂಡು ಕಪ್ಪಾದರೆ ಆಗಲಿ, ತೊಳೆಯಬೇಡಿ.