ಮಳೆ ಬಿದ್ದ ಶಾಲು

ಅಂಗಡಿಗೆ ಬರುವವರೆಲ್ಲ ಅವಳನ್ನು ಮೋಡಕ್ಕ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಅತ್ತಿಗೆ ಮಾರುವ ಮೋಡದ ಶಾಲುಗಳು ಹುಟ್ಟುತ್ತಿದ್ದುದು ಹಿಂದಿನ ಕೋಣೆಯಲ್ಲಿ, ಅವಳ ಕುಂಚದ ಕೆಳಗೆ. ಚೌಕಟ್ಟಿಗೆ ಬಿಗಿದ ರೇಷ್ಮೆಯ ಮೇಲೆ ಬೂದುಬಣ್ಣ ಹರಿಯಬಿಟ್ಟು, ಅದು ಆರುವ ಮುನ್ನ ಕಲ್ಲುಪ್ಪು ಉದುರಿಸಬೇಕು. ಉಪ್ಪು ಬಣ್ಣ ಹೀರಿದಲ್ಲೆಲ್ಲ ಮೋಡ ಅರಳುತ್ತದೆ. ಗಾಳಿಯಾಡಿದರೆ ಅಂಚು ಬೇಗ ಒಣಗಿ ಗೆರೆ ಕಟ್ಟುತ್ತದೆ. ಹಾಗಾಗಿ ಆ ಕೋಣೆಗೆ ಫ್ಯಾನಿಲ್ಲ. ಕಿಟಕಿಯ ಸಂದುಗಳಿಗೆ ಅಣ್ಣ ಟೇಪು ಅಂಟಿಸಿದ್ದ.

ಮದುವೆ ಮುರಿದು ಬಂದವಳಿಗೆ ಮೊದಮೊದಲು ಆ ಕೋಣೆ ಆಸರೆಯಾಗಿತ್ತು. ಅವಳ ಮೋಡಗಳನ್ನು ಊರೆಲ್ಲ ಹೊದ್ದಿತ್ತು. ಅವಳ ಹೆಗಲಿಗೆ ಮಾತ್ರ ಒಂದೂ ಬಿದ್ದಿರಲಿಲ್ಲ. ತನ್ನದೆನ್ನುವ ಒಂದೇ ಒಂದು ಶಾಲು ಬೇಕೆಂಬ ಆಸೆಯನ್ನು ಅವಳು ಯಾರೆದುರೂ ಆಡಿರಲಿಲ್ಲ.

ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಟೇಪು ಕಿತ್ತು ಕಿಟಕಿ ತೆರೆದಳು. ಗಾಳಿಯ ಬೆನ್ನಿಗೇ ಮಳೆ ನುಗ್ಗಿತು. ಹಸಿ ರೇಷ್ಮೆಯ ಮೇಲೆ ಬಿದ್ದ ಹನಿಗಳು ಬಣ್ಣವನ್ನು ಪಕ್ಕಕ್ಕೆ ತಳ್ಳಿ ಬಿಳಿ ಬಳೆಗಳಾದವು. ಕಿಟಕಿ ಮುಚ್ಚಬೇಕಿತ್ತು, ಆದರೆ ಅವಳು ಚೌಕಟ್ಟನ್ನೇ ಅದರತ್ತ ತಿರುಗಿಸಿದಳು.

"ಅಯ್ಯೋ, ಏನೇ ಇದು, ಸಿಡುಬು ಎದ್ದ ಹಾಗೆ!" ಅತ್ತಿಗೆ ಬಾಗಿಲಲ್ಲೇ ತಲೆ ಚಚ್ಚಿಕೊಂಡಳು.

"ಹೇಗೂ ಕೆಟ್ಟಿದೆ ಅತ್ತಿಗೆ, ನಾನೇ ಹೊದ್ಕೊಳ್ಲಾ?"

"ಹೊದ್ಕೋ ಮಹಾರಾಣಿ. ಇದನ್ನ ಬೇರೆ ಯಾರು ಮೂಸ್ತಾರೆ?"

ಬಣ್ಣ ನಿಲ್ಲಲೆಂದು ಹಬೆಯಲ್ಲಿ ಬೇಯಿಸಿ, ತೊಳೆದು, ಒಣಗಲು ಹಾಕಿದಳು. ಅದನ್ನು ಹೊದೆಯುವ ಮೊದಲೇ ಸಂಗೀತದ ಮೇಡಂ ಅಂಗಡಿಗೆ ಬಂದರು. ಹಗ್ಗದ ಮೇಲಿದ್ದ ಶಾಲನ್ನು ಕಂಡು ಅಲ್ಲೇ ನಿಂತುಬಿಟ್ಟರು.

"ಇದು ಮಳೆ ಅಲ್ವಾ! ನಮ್ಮ ಹಾಡೋ ಹುಡುಗೀರಿಗೆಲ್ಲ ಇದೇ ಬೇಕು. ಆದ್ರೆ ಎಲ್ಲಾ ಒಂದೇ ಥರ ಇರ್ಬೇಕು ನೋಡಿ, ಒಂದು ಹನೀನೂ ಆಚೀಚೆ ಆಗ್ಬಾರ್ದು."

ಅವರು ಹೋದ ಮೇಲೆ ಮೋಡಕ್ಕ ಅತ್ತಿಗೆಗೆ ಮೆಲ್ಲಗೆ ಅಂದಳು: "ಅದು ನನಗೆ ಅಂದಿದ್ರಿ."

"ಮಾದರಿ ಕಣೇ ಅದು! ನೀನು ಹೊದ್ಕೊಂಡು ತಿರುಗಿದ್ರೆ ಮಿಕ್ಕಿದ್ದನ್ನ ಏನು ನೋಡ್ಕೊಂಡು ಬರೀತೀಯ? ಗಾಳಿ ಬಂದಾಗ ತೂರ್ಕೋಬೇಕಮ್ಮ."

ಸಂಜೆ ಅಣ್ಣ ಕಿಟಕಿಗೆ ಹೊಸ ಟೇಪು ತಂದ. ಅವಳು ಶಾಲನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ತೆಳುಕಾಗದ ಹಾಸಿ, ಪ್ರತಿ ಹನಿಯ ಸುತ್ತಲೂ ಪೆನ್ಸಿಲ್ ಆಡಿಸತೊಡಗಿದಳು. ಬಲತುದಿಯಲ್ಲಿ ಎರಡು ಹನಿಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಅಲ್ಲಿ ಗೆರೆ ತಪ್ಪಬಾರದೆಂದು ಪೆನ್ಸಿಲನ್ನು ಇನ್ನಷ್ಟು ಚೂಪು ಮಾಡಿಕೊಂಡಳು.