ಕೊಟ್ರಮ್ಮನ ನೂರೆಂಟು ನಾಮ

ನಮ್ಮ ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಶಿವನ ನೂರೆಂಟು ಹೆಸರುಗಳಿವೆ. ಒಗ್ಗರಣೆಗೆ ನಾಲ್ಕೈದು ಹೆಸರು ಸಾಕು. ಉಪ್ಪಿಟ್ಟಿನ ರವೆ ಹದವಾಗಿ ಹುರಿಯಲು ಅರ್ಧ ಅಷ್ಟೋತ್ತರ ಬೇಕು. ಬೇಳೆಗಾದರೆ ಪೂರ್ತಿ ಮುಗಿಸಿ ಮತ್ತೆ ಮೊದಲಿನಿಂದ ಹಿಡಿಯಬೇಕು. ಈ ಲೆಕ್ಕವೆಲ್ಲ ನನ್ನ ಹೆಂಡತಿ ಕೊಟ್ರಮ್ಮನದು. ಅವಳು ಬಾಯಿಬಿಟ್ಟು ಹೇಳುವುದಿಲ್ಲ, ತುಟಿಗಳಷ್ಟೇ ಆಡುತ್ತವೆ. ತುಟಿ ನಿಂತಿತೆಂದರೆ ಒಲೆ ಆರಿತು.

ನಾನು ಕೂಡ್ಲಿಗಿಯಲ್ಲಿ ಔಷಧಿ ಅಂಗಡಿ ಇಟ್ಟವನು. ಊರಿಗೆಲ್ಲ ‘ಮೆಡಿಕಲ್ ಅಣ್ಣಾರು’. ಚೀಟಿಯನ್ನು ಎರಡು ಸಲ ಓದದೆ ಗುಳಿಗೆ ಕತ್ತರಿಸಿದವನಲ್ಲ. ಇಂಥವನಿಗೆ, ಇದು ಭಕ್ತಿಯೋ ಅಡುಗೆಯೋ ಎಂಬ ಅನುಮಾನ ಬರದಿದ್ದೀತೇ? ಒಮ್ಮೆ ಕೇಳಿಯೇಬಿಟ್ಟೆ.

“ರವಾ ಸೀದ್ರ ಶಿವಗ ಏನ್ ಲಾಭ ಐತ್ರಿ?” ಅಂದಳು.

ದೇವರಿಗೆ ಇಷ್ಟೊಂದು ಹೆಸರು ಯಾಕೆ? ಒಂದೊಂದು ಹೆಸರೂ ಒಂದೊಂದು ಗುಣ ಎನ್ನುತ್ತಾರೆ ಬಲ್ಲವರು. ಬಿಲ್ಲು ಹಿಡಿದರೆ ಪಿನಾಕಿ, ಜಟೆ ಕಟ್ಟಿದರೆ ಕಪರ್ದಿ. ನಮ್ಮ ಪಕ್ಕದ ಉಜ್ಜಿನಿಯ ಜಾತ್ರೆಗೆ ಹೊರಟವರ ಬಾಯಲ್ಲಿ ಮರುಳಸಿದ್ಧ, ಇವಳ ತವರು ನೀಲಗುಂದದಲ್ಲಿ ಭೀಮೇಶ್ವರ. ಕರೆಯುವವರಿಗೆ ಬೇಕಾದಂತೆ ಹೆಸರು ಬೆಳೆಯುತ್ತದೆ. ನನಗೆ ಮನೆಯಲ್ಲಿ ಇರುವುದು ಒಂದೇ, ‘ರೀ’. ಆದರೆ ಅದರ ರಾಗಗಳು ಶಿವನಿಗೂ ಇಲ್ಲ. ಚಹಾ ಆರುತ್ತಿದೆ ಎನ್ನುವ ‘ರೀ’ ಬೇರೆ, ಹಿತ್ತಲಲ್ಲಿ ಹಾವು ಎನ್ನುವ ‘ರೀ’ ಬೇರೆ, ತವರಿನವರ ಮುಂದೆ ಇನ್ನು ಬಾಯಿ ಮುಚ್ಚಿಕೊಳ್ಳಿ ಎನ್ನುವ ‘ರೀ’ಯಂತೂ ಬಹಳ ಮೆತ್ತಗೆ, ಬಹಳ ಚೂಪು.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳು ಹಿತ್ತಲಲ್ಲಿ ಜಾರಿ ಬಿದ್ದಳು. ನಾನು ಬಾಗಿಲಲ್ಲೇ ಇದ್ದೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಮೊದಲು ಬಕೆಟ್ಟು ಉರುಳಿತು. ಆಮೇಲೆ ಎಡಗಾಲು ಜಾರಿತು. ತಲೆಯ ಹಿಂಭಾಗ ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಬಡಿಯಿತು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಸ್ವಲ್ಪ ಹೊತ್ತು ಅವಳ ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡಲಿಲ್ಲ. ಆಮೇಲೆ ‘ರೀ’ ಅಂದಳು. ಅಂಥ ‘ರೀ’ಯನ್ನು ನಾನು ಹಿಂದೆ ಕೇಳಿರಲಿಲ್ಲ.

ಡಾಕ್ಟರು ಹೊಲಿಗೆ ಹಾಕಿದರು. “ಈಗೇನೂ ತೊಂದ್ರಿ ಕಾಣವಲ್ದು. ಆದ್ರ ಇವತ್ತೆಲ್ಲ ಕಣ್ಣಿಟ್ಟಿರ್ರಿ. ಮಾತು ತೊದಲಿದ್ರ, ಗೊತ್ತಿದ್ದದ್ದು ಮರತ್ರ ತಡಾ ಮಾಡಬ್ಯಾಡ್ರಿ, ಸೀದಾ ಬಳ್ಳಾರಿಗೆ ಹೊಂಡ್ರಿ” ಎಂದರು.

ಮನೆಗೆ ಬಂದವನೇ ಪರೀಕ್ಷೆ ಶುರುಮಾಡಿದೆ. “ನಿನ್ನೆ ಏನ್ ಪಲ್ಯ ಮಾಡಿದ್ದಿ?”

“ಬದನಿಕಾಯಿ. ಉಪ್ಪು ಜಾಸ್ತಿ ಅಂತ ಮಾರಿ ಕಿವಿಚಿದ್ರಿ. ಅದೂ ನೆನಪೈತಿ.”

ಇಷ್ಟು ನನಗೆ ಸಾಲಲಿಲ್ಲ. ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವುದನ್ನೇ ಕೇಳಬೇಕು. ನೂರೆಂಟು ನಾಮವನ್ನು ಬಾಯಿಬಿಟ್ಟು ಹೇಳು ಅಂದೆ. ಅಪ್ಪ ನನಗೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದರು, ತಪ್ಪಿದರೆ ತಿಳಿಯುತ್ತದೆ. ರೊಟ್ಟಿ ತಂದ ಪಕ್ಕದ ಮನೆಯ ಹುಲಿಗೆಮ್ಮನೂ ಅಲ್ಲೇ ಕೂತಳು.

“ಶಿವಾಯ ನಮಃ, ಮಹೇಶ್ವರಾಯ ನಮಃ…” ದನಿ ಸ್ಪಷ್ಟವಾಗಿತ್ತು. “ಶಶಿಶೇಖರಾಯ ನಮಃ, ವಾಮದೇವಾಯ ನಮಃ, ಕಪರ್ದಿನೇ ನಮಃ…”

“ತಡಿ. ಮತ್ತ ಹೇಳು” ಅಂದೆ. ನಡುವೆ ಒಂದು ಹೆಸರು ಬಿಟ್ಟುಹೋಗಿತ್ತು.

ಮತ್ತೆ ಹೇಳಿದಳು. ಅದೇ ಜಾಗದಲ್ಲಿ ಅದೇ ಹೆಸರು ಇಲ್ಲ. ಮತ್ತೊಮ್ಮೆ ಹೇಳಿಸಿದೆ. ಈ ಸಲ ಅಲ್ಲಿಗೆ ಬಂದಾಗ ತಲೆಯನ್ನೂ ತಗ್ಗಿಸಿದಳು. ಅವಳ ಕಣ್ಣಿಗೆ ಕತ್ತಲೆ ಬಂತೆಂದುಕೊಂಡು ನಾನು ಫೋನು ಎತ್ತಿಕೊಂಡೆ.

“ಯಾರಿಗ್ರಿ ಅಣ್ಣಾರ?” ಅಂದಳು ಹುಲಿಗೆಮ್ಮ.

“ಕಾರಿನವಗ. ಒಂದು ಹೆಸರು ಮರತಾಳ. ಎಷ್ಟು ಸಲ ಹೇಳಿಸಿದ್ರೂ ಅಲ್ಲೇ ಜಿಗದು ಮುಂದ ಹೋಗಾಕತ್ತಾಳ.”

“ಯಾವ ಹೆಸರು?”

“ವಿರೂಪಾಕ್ಷ.”

ಹುಲಿಗೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ನಗು ತಡೆಯಲಿಲ್ಲ. “ಯಪ್ಪಾ! ಅಂಗಡಿ ಬೋರ್ಡಿನ ಮ್ಯಾಲ ಮಾಲೀಕರು ಅಂತ ಯಾರ ಹೆಸರು ಬರಸೀರಿ ಅಣ್ಣಾರ?”

ನಾನು ಫೋನು ಕೆಳಗಿಟ್ಟೆ. ವಿರೂಪಾಕ್ಷಪ್ಪ. ನಾನೇ.

“ಗಂಡನ ಹೆಸರು ಯಕ್ಕ ಬಾಯಿಬಿಟ್ಟು ಹೆಂಗ ಅಂತಾಳ್ರಿ? ಆಕಿ ತಲಿ ನೆಟ್ಟಗೈತಿ. ಡಾಕ್ಟ್ರು ನಿಮ್ಮನ್ನ ನೋಡಬೇಕಿತ್ತು!”

ಕೊಟ್ರಮ್ಮ ನೋವಿನಲ್ಲೂ ನಗುತ್ತಿದ್ದಳು. ನಾನೂ ನಗಲು ಹೋದೆ, ಕಣ್ಣು ತುಂಬಿಬಂತು. ಅವಳು ಮರೆತದ್ದಲ್ಲ, ಗಂಡನ ಹೆಸರು ಹೇಳಬಾರದೆಂಬುದನ್ನು ಪೆಟ್ಟು ಬಿದ್ದ ತಲೆಯಲ್ಲೂ ಕೈಬಿಡದೆ ಹಿಡಿದುಕೊಂಡದ್ದು. ಮರೆತಿದ್ದವನು ನಾನು, ಅದೂ ನನ್ನದೇ ಹೆಸರನ್ನು. ಸಂಜೆ ಡಾಕ್ಟರಿಗೂ ತೋರಿಸಿದೆ. ಚಿಂತೆಯಿಲ್ಲ ಎಂದರು.

ಎಚ್ಚರದ ಮನುಷ್ಯನಿಗೆ ಒಂದು ಅನುಮಾನ ಹೋದರೆ ಇನ್ನೊಂದು ಬರುತ್ತದೆ. ಮದುವೆಯಾದಂದಿನಿಂದ ಶಿವನಿಗೆ ಒಂದು ಹೆಸರು ಖೋತಾ ಆಯಿತಲ್ಲ ಎಂದು ಕೇಳಿದೆ.

“ಎಲ್ಲಿ ಬಿಟ್ಟೀನ್ರಿ? ಆ ಜಾಗದಾಗ ತಲಿ ಬಗ್ಗಿಸಿ, ‘ನಮ್ಮನಿಯವ್ರ ಹೆಸರಿನವಗ ನಮಃ’ ಅಂತ ಮನಸಿನ್ಯಾಗ ಅಂತೀನಿ.”

ನಾನು ಶಿವನ ಹೆಸರು ಇಟ್ಟುಕೊಂಡವನು ಎಂದು ಇಷ್ಟು ಕಾಲ ನಿಶ್ಚಿಂತೆಯಿಂದಿದ್ದೆ. ನಮ್ಮ ಮನೆಯ ಲೆಕ್ಕದಲ್ಲಿ ನನ್ನ ಹೆಸರು ಇಟ್ಟುಕೊಂಡವನು ಅವನು. ಪಾಪ, ಅವನ ಮರ್ಯಾದೆ ಈಗ ನನ್ನ ಕೈಯಲ್ಲಿದೆ.