ಸೆಲ್ಫ್ ಮೋಟಾರಿಗೆ ಎಣ್ಣೆ ಬಿಟ್ಟದ್ದು

ಅಪ್ಪ ಹರಾಜಿನಲ್ಲಿ ಕೊಂಡಿದ್ದ ಓಬೀರಾಯನ ಕಾಲದ ಕಾರು ಜಯನಗರದ ನನ್ನ ಮನೆಯ ಶೆಡ್ಡಿನಲ್ಲಿದೆ. ಕಾಗದಪತ್ರ ನನ್ನ ಹೆಸರಿನಲ್ಲಿದೆ, ತೊಳೆಯುವವಳು ನಾನು, ಪೆಟ್ರೋಲ್ ಹಾಕಿಸುವವಳು ನಾನು. ಓಡಿಸುತ್ತಿದ್ದವನು ಮಾತ್ರ ನನ್ನ ತಮ್ಮ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅದರ ಸೆಲ್ಫ್ ಮೋಟಾರು, ಅಂದರೆ ಸ್ವಿಚ್ ಒತ್ತಿದರೆ ಎಂಜಿನ್ ತಿರುಗಿಸುವ ಮೋಟಾರು, ಗರಗರ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಒಮ್ಮೆ ಆ ಹ್ಯಾಂಡಲ್ ಹಿಂದಕ್ಕೆ ಒದ್ದು ನನ್ನ ಮಣಿಕಟ್ಟು ಮುರಿದ ಮೇಲೆ ಆ ಕೆಲಸ ನನ್ನಿಂದಾಗಲಿಲ್ಲ. ತಮ್ಮನಿಗೆ ಫೋನ್ ಮಾಡಬೇಕು. ಅವನು ಶ್ರೀನಗರದಿಂದ ನಿಧಾನಕ್ಕೆ ಬಂದು, ಕಾಫಿ ಕುಡಿದು, ಹ್ಯಾಂಡಲ್ ಹೊಡೆದು, ನೇರ ಸ್ಟೀರಿಂಗ್ ಮುಂದೆ ಕೂರುತ್ತಿದ್ದ. "ನೀನು ಆರಾಮಾಗಿ ಕೂತ್ಕೋ ಅಕ್ಕ, ನಾನು ಓಡಿಸ್ತೀನಿ" ಎನ್ನುತ್ತಿದ್ದ. ಆರಾಮವಂತೆ! ನನ್ನದೇ ಕಾರಿನಲ್ಲಿ ನಾನು ನೆಂಟರ ಥರ ಕೂರಬೇಕಿತ್ತು.

ಕಾರ್ಖಾನೆಯ ಟೂಲ್ ರೂಮಿನಲ್ಲಿ ಲೋಹ ಉಜ್ಜುವ ಅರ ಹಿಡಿದೇ ನಿವೃತ್ತಳಾದವಳು ನಾನು. ಒಂದು ದಿನ ರೇಗಿ ಮೋಟಾರು ಬಿಚ್ಚಿದೆ. ಸ್ವಿಚ್ ಒತ್ತಿದಾಗ ಒಂದು ಪುಟ್ಟ ಗೇರು ಸ್ಕ್ರೂವಿನಂಥ ಶಾಫ್ಟಿನ ಮೇಲೆ ಜಾರಿಹೋಗಿ ಎಂಜಿನ್ನಿನ ದೊಡ್ಡ ಚಕ್ರದ ಹಲ್ಲಿಗೆ ಕಚ್ಚಿಕೊಳ್ಳಬೇಕು. ಅದರ ಹಲ್ಲುಗಳು ಸವೆದು ಮೊಂಡಾಗಿದ್ದವು. ಹಲ್ಲಿಗೆ ಹಲ್ಲು ಬಡಿದು ವಾಪಸ್ಸಾಗುತ್ತಿತ್ತು. ಒಂದೊಂದೇ ಹಲ್ಲಿನ ಅಂಚನ್ನು ಅರದಿಂದ ಇಳಿಜಾರು ಮಾಡಿದೆ. ಸ್ಪ್ರಿಂಗ್ ಬದಲಿಸಿದೆ. ಜೋಡಿಸುವುದು, ಹಿಡಿಯದಿದ್ದರೆ ಮತ್ತೆ ಬಿಚ್ಚುವುದು.

"ಯಾಕಕ್ಕ ಈ ವಯಸ್ಸಲ್ಲಿ ಇದೆಲ್ಲ? ನಾನಿಲ್ವಾ?" ಎಂದ ತಮ್ಮ. ನೀನಿರುವುದೇ ತೊಂದರೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೊನೆಗೊಂದು ಬೆಳಿಗ್ಗೆ ಗೇರು ಠಕ್ಕನೆ ಕಚ್ಚಿತು, ಎಂಜಿನ್ ಸ್ಟಾರ್ಟ್ ಆಯಿತು. ಒಬ್ಬಳೇ ಬನಶಂಕರಿಯವರೆಗೂ ಹೋಗಿಬಂದೆ.

ಆಯುಧಪೂಜೆ ಕಳೆದು ಕೆಲವು ವಾರಕ್ಕೆ ಮತ್ತೆ ಕೈಕೊಟ್ಟಿತು. ಮೋಟಾರು ಸುಯ್ಯೆಂದು ತಿರುಗುತ್ತದೆ, ಗೇರು ಅಲ್ಲಾಡುವುದಿಲ್ಲ. ಹಬ್ಬದ ದಿನ ತಮ್ಮ ಬಾನೆಟ್ ಎತ್ತಿ ನೋಡಿದ್ದ. ಸರಿ, ಇದು ಅವನದೇ ಕೆಲಸ! ಫೋನಿನಲ್ಲೇ "ಕೈ ಹಾಕಿ ಕೆಡಿಸಿದ್ದೀಯ, ನಂಗೆ ಗೊತ್ತಾಗಲ್ವಾ?" ಎಂದು ಹಾರಾಡಿದೆ.

ಬಿಚ್ಚಿದರೆ ಶಾಫ್ಟಿನ ತುಂಬ ಕರೀ ಅಂಟು. ಆ ಶಾಫ್ಟು ಒಣಗಿರಬೇಕು. ಎಣ್ಣೆ ಬಿದ್ದರೆ ಧೂಳು ಮೆತ್ತಿಕೊಂಡು ಗೇರು ಜಾರುವುದೇ ಇಲ್ಲ. ಎಣ್ಣೆ ಬಿಟ್ಟದ್ದು ಯಾರು? ನಾನೇ. ಕಾರ್ಖಾನೆಯಲ್ಲಿ ಪೂಜೆಯ ಹಿಂದಿನ ದಿನ ಯಂತ್ರಗಳನ್ನೆಲ್ಲ ಒರೆಸಿ, ಎಣ್ಣೆ ಕೊಟ್ಟು, ಅರಿಶಿನ ಕುಂಕುಮ ಹಚ್ಚುತ್ತಿದ್ದೆವು. ಅದೇ ಅಭ್ಯಾಸಬಲದಿಂದ ಉದ್ದ ಮೂತಿಯ ಎಣ್ಣೆ ಡಬ್ಬಿ ತೂರಿಸಿ ಭಕ್ತಿಯಿಂದ ಇದಕ್ಕೂ ಬಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ ಕೂರಿಸಿದೆ.

ಮರುದಿನ ಜೆ.ಪಿ. ನಗರದಲ್ಲಿ ನೆಂಟರ ಗೃಹಪ್ರವೇಶ. ತಮ್ಮ ಬಂದಾಗ ನಾನು ಸ್ಟೀರಿಂಗ್ ಮುಂದೆ ಕೂತು ಸ್ವಿಚ್ ಒತ್ತಿದೆ; ಒಂದೇ ಸಲಕ್ಕೆ ಹಿಡಿಯಿತು. "ತಪ್ಪು ನಂದೇ ಕಣೋ. ಸುಮ್ನೆ ನಿನ್ನ ಬೈದೆ" ಎಂದೆ.

ಅವನು ಮುಖ ಊದಿಸಿಕೊಂಡೇ ನನ್ನ ಪಕ್ಕದ ಬಾಗಿಲು ತೆರೆದ. "ಆಯ್ತು ಬಿಡು. ಸ್ವಲ್ಪ ಆ ಕಡೆ ಸರ್ಕೋ. ಸಾರಕ್ಕಿ ಹತ್ರ ಟ್ರಾಫಿಕ್ ಜಾಸ್ತಿ, ನಿನ್ನ ಕೈಲಾಗಲ್ಲ."

ಕ್ಷಮೆ ಕೇಳಿದ್ದೆ, ಮನಸಾರೆ ಕೇಳಿದ್ದೆ. ಆದರೆ ಸೀಟು ಬಿಟ್ಟು ಸರಿಯಲಿಲ್ಲ. "ಹಿಂದೆ ಕೂತ್ಕೋ, ಇಲ್ಲಾಂದ್ರೆ ಆಟೋ ಹಿಡ್ಕೊಂಡ್ ಬಾ" ಎಂದು ಬಾಗಿಲು ಎಳೆದುಕೊಂಡೆ.